ನೂರಿಪ್ಪತ್ತು ಎಡತೋಳು

ಪರದೆಯ ಅಂಚು ಬಿಚ್ಚಿದೆ, ನಾಲ್ಕು ಹೊಲಿಗೆ, ಅಲ್ಲ, ಐದು, ಐದನೆಯದು ದಾರದ ತುದಿಯಲ್ಲಿ ಇನ್ನೂ ಜೋತಾಡುತ್ತಿದೆ, ಒಳಗೆ ಹೋಗುವವರ ಯಾರದೋ ಬಳೆಯೋ ಚೀಲದ ಕೊಂಡಿಯೋ ಸಿಕ್ಕಿ ಎಳೆದಿರಬೇಕು, ಎಳೆದವರಿಗೆ ಗೊತ್ತೇ ಆಗಿರುವುದಿಲ್ಲ, ಇನ್ನೆರಡು ದಿನ ಹೀಗೇ ಬಿಟ್ಟರೆ ಇಡೀ ಅಂಚು ಜಾರಿ ನೆಲ ಗುಡಿಸುತ್ತದೆ, ಸೂಜಿ ಇದ್ದಿದ್ದರೆ ಕೂತಲ್ಲಿಂದಲೇ ಹಾಕಿಬಿಡಬಹುದಿತ್ತು, ಎರಡು ನಿಮಿಷದ ಕೆಲಸ, ಆದರೆ ಕ್ಲಿನಿಕ್ಕಿನ ಪರದೆಗೆ ಕೈ ಹಾಕಿದರೆ ಟೋಕನ್ ಕೊಡುವ ಹೆಂಗಸು ಏನಂದುಕೊಂಡಾಳು, ಅವಳೋ ಬಂದವರ ಮುಖ ನೋಡುವವಳಲ್ಲ, ಹದಿನೇಳು ಯಾರು, ಹದಿನೇಳು, ಎನ್ನುತ್ತಾಳೆ, ಹದಿನೇಳು ಎದ್ದು ಒಳಗೆ ಹೋಗುತ್ತದೆ, ಕತ್ತರಿಯಕ್ಕನದು ಇಪ್ಪತ್ತೊಂದು. ಕತ್ತರಿಯಕ್ಕ ಅಂತ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹೊಲಿಗೆ ಕಾರ್ಖಾನೆಯವರು ಇಟ್ಟದ್ದು, ಹದಿನಾಲ್ಕು ವರ್ಷದಿಂದ ಬಟ್ಟೆ ಕತ್ತರಿಸುವ ಉದ್ದ ಮೇಜು ಅವಳದು, ಅದಕ್ಕೂ ಮುಂಚೆ ಹನ್ನೆರಡು ವರ್ಷ ಬರೀ ದಾರ ಕತ್ತರಿಸಿದಳು, ಕಾಲರು ಹೊಲಿದಳು, ಆ ಮೇಜಿನ ಹತ್ತಿರ ಅದುವರೆಗೆ ಗಂಡಸರೇ ನಿಲ್ಲುತ್ತಿದ್ದರು, ಹೆಂಗಸಿನ ಕೈಗೆ ಕತ್ತರಿಸೋ ಮಷಿನ್ ಕೊಟ್ಟರೆ ಬೆರಳು ಹೋಗತ್ತೆ ಅಂತ ಹಳೇ ಕಟಿಂಗ್ ಮಾಸ್ಟರು ಹೇಳುತ್ತಿದ್ದ, ಹೋದದ್ದು ಅವನದೇ ಅರ್ಧ ಬೆರಳು, ಪಾಪ. ಹದಿನಾಲ್ಕು ವರ್ಷದಲ್ಲಿ ಅಳತೆಯ ಒಂದು ರಟ್ಟು ಅವಳ ಕೈಯಲ್ಲಿ ತಪ್ಪಿ ಬಿದ್ದಿರಲಿಲ್ಲ, ಹೋದ ತಿಂಗಳವರೆಗೆ — ಬಂತು, ಬರುತ್ತಿದೆ, ಹೊಟ್ಟೆಯ ಮೇಲ್ಭಾಗದಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಆನಿಸಿದ ಹಾಗೆ, ಅಲ್ಲಿಂದ ಎದೆಗೆ, ಎದೆಯಿಂದ ಕುತ್ತಿಗೆಗೆ, ಕಿವಿಯ ಹಿಂದೆ, ನೆತ್ತಿಯಲ್ಲಿ ಹನಿ ಒಡೆಯುತ್ತದೆ, ಪಕ್ಕದ ಕುರ್ಚಿಯ ಬಸುರಿ ಹುಡುಗಿ ನೋಡಿ ಸ್ವಲ್ಪ ಆಚೆ ಸರಿದು ಕೂತಳು, ಜ್ವರ ಅಂದುಕೊಂಡಿರಬೇಕು, ಜ್ವರ ಅಲ್ಲಮ್ಮಾ, ನಿನಗೂ ಬರತ್ತೆ, ಇನ್ನೊಂದು ಇಪ್ಪತ್ತೈದು ವರ್ಷ ತಡಿ.

ಎರಡು ವರ್ಷವಾಯಿತು ಮುಟ್ಟು ನಿಂತು, ನಿಂತಾಗ ಸಂತೋಷವೇ ಪಟ್ಟಿದ್ದಳು, ಪೀಡೆ ತೊಲಗಿತು ಅಂತ, ತೊಲಗಿದ್ದು ಒಂದು, ಬಂದು ಕೂತದ್ದು ಹತ್ತು. ರಾತ್ರಿ ನಾಲ್ಕು ಸಲ ಎದ್ದು ರವಿಕೆ ಬದಲಾಯಿಸುವುದು, ಕಿಟಕಿ ತೆಗೆಯುವುದು, ಫ್ಯಾನು ಜೋರು ಮಾಡುವುದು, ಗಂಡ ಸ್ವೆಟರು ಹಾಕಿಕೊಂಡು ಮೇಲೆ ಎರಡು ಕಂಬಳಿ ಹೊದ್ದು ಮಲಗುತ್ತಾನೆ, ಬಾಯಿಬಿಟ್ಟು ಬೈದವನಲ್ಲ, ದೊಡ್ಡ ಆಫೀಸು ಕಟ್ಟಡದಲ್ಲಿ ಲಿಫ್ಟ್ ನಡೆಸುವವನು, ದಿನಾ ಮುನ್ನೂರು ಸಲ ಏರಿ ಇಳಿಯೋನು ನಾನು, ಏರಿದ್ದು ಇಳೀಲೇಬೇಕು ಕಣೇ, ಎನ್ನುತ್ತಾನೆ, ಅವನ ವೇದಾಂತ ಅಷ್ಟೇ, ಒಂದು ದಿನ ಲಿಫ್ಟು ಕೆಟ್ಟು ಎಂಟನೇ ಮಹಡಿಯಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡಿದ್ದನಲ್ಲ, ಆವತ್ತು ಎಲ್ಲಿ ಹೋಗಿತ್ತೋ ವೇದಾಂತ, ಹಾಗೆ ಎಂಟನೇ ಮಹಡಿಯಲ್ಲೇ ನಿಂತುಬಿಟ್ಟಿದೆ ಕಣ್ರೀ ನಂದು, ಎಂದರೆ ನಗುತ್ತಾನೆ, ಅವಳೂ ನಗುತ್ತಾಳೆ, ನಕ್ಕು ಗೋಡೆ ಕಡೆ ತಿರುಗಿ ಮಲಗಿ ಬೆಳಗಿನವರೆಗೆ ಗೋಡೆ ನೋಡುತ್ತಾಳೆ. ಮರೆವು ಬೇರೆ. ಹಾಲು ಒಲೆ ಮೇಲಿಟ್ಟದ್ದು, ಬೀಗದ ಕೈ ಇಟ್ಟ ಜಾಗ, ನಿನ್ನೆಯವರೆಗೂ ಬಾಯಲ್ಲಿದ್ದ ಮಾತು. ತಂಗಿಗೂ ಹೀಗೇ ಆಗಿತ್ತು, ದೂರದ ಊರಿನಲ್ಲಿದ್ದಾಳೆ ಅವಳು, ರೈಲಿನಲ್ಲಿ ಒಂದೂವರೆ ದಿನ, ಫೋನಿನಲ್ಲಿ ಅಳುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದ ಹಾಗೆ ಅಕ್ಕಾ ನಾನು ಮನುಷ್ಯಳಾದೆ ಕಣೇ ಅಂದಳು, ಅವಳ ಡಾಕ್ಟರು ಹಾರ್ಮೋನು ಬರೆದುಕೊಟ್ಟರಂತೆ, ತೋಳಿಗೆ ಹಚ್ಚಿಕೊಳ್ಳಲು ಒಂದು ಟ್ಯೂಬು, ಜೊತೆಗೆ ರಾತ್ರಿ ಒಂದು ಗುಳಿಗೆ, ನಿಂತುಹೋದದ್ದನ್ನು ಮೈಗೆ ಸ್ವಲ್ಪ ಸ್ವಲ್ಪ ವಾಪಸು ಕೊಡೋದು ಅಷ್ಟೇ ಕಣೇ, ಮೂರು ವಾರಕ್ಕೆ ನಿದ್ದೆ ಬಂತು, ನೀನೂ ಕೇಳು, ಹೆಸರು ಬರ್ಕೋ. ಬರೆದುಕೊಳ್ಳಲು ಕಾಗದ ಸಿಗದೆ ಒಂದು ರಟ್ಟಿನ ಚೂರಿನ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಬರೆದುಕೊಂಡಳು, ಬಾಯಿಗೆ ಬಾರದ ಹೆಸರು, ಆದರೆ ಅಕ್ಷರದ ಆಕಾರ ಒಂದು ಸಲ ಕಣ್ಣಿಗೆ ಬಿದ್ದರೆ ಅವಳು ಮರೆಯುವುದಿಲ್ಲ, ಅಷ್ಟು ಮರೆವಿನ ನಡುವೆಯೂ ಅದೊಂದು ಉಳಿದಿದೆ, ಬಟ್ಟೆಯ ಥಾನಿನ ಮೇಲಿನ ಚೀಟಿ ತಲೆಕೆಳಗಿದ್ದರೂ ಓದುವ ಕಣ್ಣು.

ಮೊದಲನೇ ಡಾಕ್ಟರು ಬೀದಿಯ ತುದಿಯ ಹಳೇ ಡಾಕ್ಟರು, ಒಳ್ಳೆಯವರು, ಅವಳ ಮಗಳ ಗಂಟಲಿಗೆ ಸಿಕ್ಕಿದ್ದ ಮುಳ್ಳು ತೆಗೆದವರು, ಕೋಟು ತೊಟ್ಟು ಮೂವತ್ತು ವರ್ಷವಾಗಿರಬೇಕು, ಭುಜದ ಹೊಲಿಗೆ ಇಳಿದು ತೋಳಿನ ಮೇಲೆ ಬಂದಿತ್ತು, ಎಲ್ಲ ಕೇಳಿ, ತಲೆಯಾಡಿಸಿ, ಅಮ್ಮಾ ಇದು ಕಾಯಿಲೆ ಅಲ್ಲ, ವಯಸ್ಸು, ವಯಸ್ಸಿಗೆ ಔಷಧಿ ಎಲ್ಲಿಂದ ತರ್ಲಿ, ನಮ್ಮಮ್ಮ ಏಳು ಹೆತ್ತು ಇದನ್ನೂ ದಾಟಿದ್ರು, ಒಂದು ದಿನ ಬಾಯಿಬಿಟ್ಟವರಲ್ಲ, ಎಂದು ಸುಣ್ಣದ ಮಾತ್ರೆ ಕೊಟ್ಟು ಕಳಿಸಿದರು. ಬಾಯಿಬಿಡಲಿಲ್ಲ ಅಂದರೆ ನೋವಾಗಲಿಲ್ಲ ಅಂತಲೇ ಡಾಕ್ಟರೇ, ಕೇಳುವವರಿದ್ದರೆ ತಾನೆ ಬಾಯಿಬಿಡುವುದು — ಇದು ಮೆಟ್ಟಿಲಿಳಿದ ಮೇಲೆ ಹೊಳೆದ ಮಾತು, ಅವಳಿಗೆ ಒಳ್ಳೆಯ ಮಾತೆಲ್ಲ ಮೆಟ್ಟಿಲಿಳಿದ ಮೇಲೆಯೇ ಹೊಳೆಯುವುದು. ಎರಡನೆಯವರು ದೊಡ್ಡ ಆಸ್ಪತ್ರೆಯವರು, ಹರೆಯದ ಗಂಡಸು, ಕೋಟು ಗರಿಗರಿ, ಆದರೆ ಬಗಲಲ್ಲಿ ಬಟ್ಟೆ ಕಡಿಮೆ ಬಿಟ್ಟಿದ್ದರು, ಕೈ ಎತ್ತಿದರೆ ಇಡೀ ಕೋಟೇ ಎದ್ದು ನಿಲ್ಲುತ್ತಿತ್ತು, ರಟ್ಟಿನ ಚೂರು ತೋರಿಸುವ ಮೊದಲೇ ಹಾರ್ಮೋನು ಎಂಬ ಮಾತು ಕಿವಿಗೆ ಬಿದ್ದದ್ದೇ ಆತ ಕೈ ಎತ್ತಿದ, ಕೋಟೂ ಎದ್ದಿತು, ಹಾರ್ಮೋನಾ, ಯಾರು ಹೇಳಿದ್ರು ನಿಮಗೆ, ಕ್ಯಾನ್ಸರ್ ಬೇಕಾ, ಎಂದ. ತಂಗಿ ಹೇಳಿದಳು ಸಾರ್, ಅವಳಿಗೆ ಪರೀಕ್ಷೆ ಎಲ್ಲ ಮಾಡಿ ಕೊಟ್ಟಿದ್ದಾರೆ, ಹಳೇ ಹೆದರಿಕೆ ಅದು, ಈಗ ಎಲ್ಲರಿಗೂ ಅಷ್ಟು ಅಪಾಯ ಇಲ್ಲ ಅಂತ ಅಲ್ಲಿಯ ಡಾಕ್ಟರು ಹೇಳಿದರಂತೆ. ಹಾಗಿದ್ರೆ ಆ ಡಾಕ್ಟರ ಹತ್ರಾನೇ ಹೋಗಿ, ಎಂದು ನಕ್ಕ, ಕೆಟ್ಟ ನಗುವೇನಲ್ಲ, ಹೊರಗೆ ನಲವತ್ತು ಜನ ಕಾಯುತ್ತಿದ್ದರಲ್ಲ ಅದರ ನಗು, ಟೆನ್ಷನ್ ಜಾಸ್ತಿ ನಿಮಗೆ, ನಿದ್ದೆಗೆ ಒಂದು ಮನಸ್ಸಿಗೆ ಒಂದು ಬರೀತೀನಿ, ಎಂದು ಬರೆದ. ಪೆನ್ನು ಎಷ್ಟು ಸರಾಗವಾಗಿ ಓಡಿತು ಆಗ. ಮನಸ್ಸು ಕೆಟ್ಟಿದೆ ಎಂದು ಬರೆಯುವುದಕ್ಕೆ ಪೆನ್ನಿಗೆ ಯಾವ ಹೆದರಿಕೆಯೂ ಇಲ್ಲ.

ನಿದ್ದೆಯೇನೋ ಬಂತು, ಬೆಳಗಾದರೂ ಹೋಗಲಿಲ್ಲ, ತಲೆಯೊಳಗೆ ಯಾರೋ ಹತ್ತಿ ತುರುಕಿ ಹೊಲಿದುಬಿಟ್ಟ ಹಾಗೆ, ಮಾತು ನೀರಿನಡಿಯಿಂದ ಬಂದ ಹಾಗೆ, ಅಂಥ ನಾಲ್ಕನೆಯ ದಿನ ಮೇಜಿನ ಮೇಲೆ ಡಾಕ್ಟರ ಕೋಟಿನ ಬಟ್ಟೆ ಬಂದಿತ್ತು, ಬಿಳೀ ಟ್ವಿಲ್ಲು, ಒಂದು ಮುಖಕ್ಕೆ ಓರೆ ಗೀರು, ಇನ್ನೊಂದು ಮುಖ ಬೋಳು, ಅರವತ್ತು ಪದರ ಹಾಸಿದಳು, ಎಲ್ಲ ಗೀರಿನ ಮುಖ ಮೇಲಾಗಿ, ಅಂಚಿಗೆ ಅಂಚು ಕೂಡಿಸಿ, ಕಬ್ಬಿಣದ ಗುಂಡು ಹೇರಿದಳು, ತೋಳಿನ ರಟ್ಟು ಇಟ್ಟು ಸೀಮೆಸುಣ್ಣ ಎಳೆದಳು, ಪಕ್ಕದಲ್ಲಿ ಮತ್ತೆ ರಟ್ಟು ಇಟ್ಟು ಎಳೆದಳು. ಇಡು, ಮಗುಚು. ಈ ಕಸಬಿನ ಮೊದಲ ಪಾಠ ಅದು, ರಟ್ಟು ಒಂದು ಸಲ ಹಾಗೇ ಇಟ್ಟರೆ ಎಡತೋಳು, ಮಗುಚಿ ಇಟ್ಟರೆ ಬಲತೋಳು, ಕೆಲಸ ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವಳೇ ಹೇಳಿಕೊಟ್ಟದ್ದು, ಇಡು ಮಗುಚು, ಇಡು ಮಗುಚು, ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬೇಕು ಎಂದು, ಮತ್ತು ಅವಳು, ಅವಳೇ, ಮಗುಚಲಿಲ್ಲ. ಮಷಿನಿನ ಅಲಗು ಅರವತ್ತು ಪದರದೊಳಗೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು, ಅದಕ್ಕೆ ಎಡ ಬಲ ಗೊತ್ತೇ, ಕಟ್ಟು ಕಟ್ಟಿ ಹೊಲಿಯುವ ಸಾಲಿಗೆ ಕಳಿಸಿದಳು, ಅರ್ಧ ಗಂಟೆಯಲ್ಲಿ ಮೊದಲನೇ ಮಷಿನಿನವಳು ಎರಡು ತೋಳು ಹಿಡಿದುಕೊಂಡು ಬಂದಳು, ಅಕ್ಕಾ, ಇದು ಎಡ, ಇದೂ ಎಡ. ಇನ್ನೊಂದು ಕಟ್ಟು ಬಿಚ್ಚಿದರು, ಎಡ. ಇನ್ನೊಂದು, ಎಡ. ನೂರಿಪ್ಪತ್ತು ಎಡತೋಳು. ಬಲತೋಳು ಒಂದೂ ಇಲ್ಲ. ಬಟ್ಟೆ ಮಗುಚಿ ಹೊಲಿಯೋಣವೆಂದರೆ ಬೋಳು ಮುಖ ಹೊರಗೆ ಬಂದು ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತದೆ. ಮಷಿನು ಒಂದೊಂದಾಗಿ ನಿಂತವು, ಮೊದಲು ಬಾಯಿಬಿಟ್ಟವಳು ಗುಂಡಿಯಕ್ಕ, ಗುಂಡಿ ಹಾಕುವವಳು, ಕತ್ತರಿಯಕ್ಕನಿಗಿಂತ ಆರು ವರ್ಷ ದೊಡ್ಡವಳು, ಬಾಯಿ ಮಾತ್ರ ಹದಿನಾರರದು, ಬಲಗೈ ಇಲ್ಲದ ಡಾಕ್ಟರುಗಳು ಕಣೇ ಇವರೆಲ್ಲ, ಅದಕ್ಕೇ ನಿಂಗೆ ಒಬ್ಬರೂ ಔಷಧಿ ಚೀಟಿ ಬರೀತಿಲ್ಲ, ಎಂದಳು, ಎಲ್ಲರೂ ಗೊಳ್ಳೆಂದರು, ಕತ್ತರಿಯಕ್ಕನೂ ನಕ್ಕಳು, ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ, ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕದ್ದು ಎಡತೋಳು.

ಮಾಲೀಕ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು, ತಿರುಗಿ ನಾಲ್ಕು ಮಾತು ಆಡಬಹುದಿತ್ತು, ಅವನಪ್ಪನ ಕಾಲದಿಂದ ಇದ್ದವಳು ಅಂತ ಕೂರಿಸಿ ನೀರು ಕೊಟ್ಟು, ಅಕ್ಕಾ, ನಿಮ್ಮ ಕೈ ತಪ್ಪೋ ಕೈ ಅಲ್ಲ, ಏನೋ ಆಗಿದೆ ನಿಮಗೆ, ಬಟ್ಟೆ ಹೋಗ್ಲಿ, ನಾಳೆ ಆ ಅಲಗಿನ ಕೆಳಗೆ ಬೆರಳು ಹೋದ್ರೆ ನಾನು ಯಾರಿಗೆ ಮುಖ ತೋರಿಸ್ಲಿ, ಎಂದ. ಹತ್ತು ದಿನ ಟೈಮ್ ತಗೊಳ್ಳಿ, ಡಾಕ್ಟರಿಗೆ ತೋರಿಸಿ, ಔಷಧಿ ಶುರುವಾಗಿದೆ, ಕೆಲಸ ಮಾಡಬಹುದು ಅಂತ ಒಂದು ಚೀಟಿ ತನ್ನಿ, ಅವತ್ತೇ ಮೇಜು ನಿಮ್ಮದು. ಅಲ್ಲಿಯವರೆಗೆ ಇಸ್ತ್ರಿಯವನು ನಿಂತ್ಕೊಳ್ತಾನೆ. ಇಸ್ತ್ರಿಯವನು. ಅವಳ ಹತ್ತಿರವೇ ಕಲಿತವನು, ಗೀಟಿನ ಮೇಲೆ ಅಲಗು ನಿಲ್ಲಿಸಲು ಬಾರದವನು, ನಾಳೆ ಮೇಜು ಕಾಯಂ ಆದರೆ ಇನ್ನು ಬಿಡುವನೇ. ಹತ್ತನೆಯ ದಿನ ಇವತ್ತು. ಮೂರನೇ ಡಾಕ್ಟರಿಗೆ ಹೋಗು ಅಂದವಳು ಗುಂಡಿಯಕ್ಕನೇ, ಗಂಡಸು ಡಾಕ್ಟರಿಗೆ ಏನು ಗೊತ್ತು ನಮ್ಮ ಕುದಿ, ಡಾಕ್ಟರಮ್ಮನ ಹತ್ರ ಹೋಗು, ಅವಳಿಗೂ ನಮ್ಮದೇ ವಯಸ್ಸು. ಹೋದ ವಾರ ಬಂದಾಗ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ, ರಟ್ಟಿನ ಚೂರು ಕೈಗೆ ತೆಗೆದುಕೊಂಡು ಓದಿದರು, ಹ್ಞಾಂ ಇದು ಒಳ್ಳೇದೇ, ಮೊದಲು ಪರೀಕ್ಷೆ ಎಲ್ಲ ಆಗ್ಲಿ, ಎಂದರು, ರಕ್ತ, ಎದೆಯ ಫೋಟೋ, ಗರ್ಭಕೋಶದ ಸ್ಕ್ಯಾನು, ಒಂದನ್ನೂ ಬಿಡದೆ ಮಾಡಿಸಿದಳು, ಎದೆಯ ಫೋಟೋ ತೆಗೆಯುವಾಗ ಆ ಎರಡು ಹಲಗೆಯ ನಡುವೆ ಒತ್ತಿ ಹಿಡಿದರಲ್ಲ, ಆಗಲೂ ಅವಳಿಗೆ ಸಂತೋಷವೇ, ಒತ್ತು ತಾಯಿ, ಎಷ್ಟು ಬೇಕಾದರೂ ಒತ್ತು, ಏನೂ ಇಲ್ಲ ಅಂತ ಬರೆದುಕೊಡು. ಏನೂ ಇಲ್ಲ ಅಂತಲೇ ಬಂದಿದೆ. ಮಡಿಲಲ್ಲಿ ಲಕೋಟೆ ಇದೆ, ಕಾಗದದ ಮೂಲೆ ಅವಳ ಬೆವರಿಗೆ ಒದ್ದೆಯಾಗಿದೆ. ಇಪ್ಪತ್ತೊಂದು ಯಾರು, ಇಪ್ಪತ್ತೊಂದು.

ಒಳಗೆ ತಂಪು, ಡಾಕ್ಟರಮ್ಮನ ಹಿಂದೆ ಒಂದು ಪುಟ್ಟ ಟೇಬಲ್ ಫ್ಯಾನು ಬೇರೆ, ಅದು ರೋಗಿಯ ಕಡೆ ತಿರುಗುವುದಿಲ್ಲ, ಅವರ ಕುತ್ತಿಗೆಗೇ ನೆಟ್ಟು ನಿಲ್ಲಿಸಿದ್ದಾರೆ, ಕೋಟು ಚೆನ್ನಾಗಿದೆ, ತೋಳು ಕೂರಿಸಿದವರಿಗೆ ಕೈಚಳಕ ಇದೆ, ಕಾಗದ ಒಂದೊಂದಾಗಿ ತಿರುವುತ್ತಾರೆ, ಬಿ.ಪಿ. ಚೆನ್ನಾಗಿದೆ, ಶುಗರ್ ಇಲ್ಲ, ಎದೆ ಕ್ಲೀನ್, ಮನೆಯಲ್ಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ, ಇಲ್ಲ ಮೇಡಂ, ರಕ್ತ ಹೆಪ್ಪುಗಟ್ಟೋದು, ಇಲ್ಲ ಮೇಡಂ, ಗಟ್ಟಿ ಇದ್ದೀರಿ ನೀವು, ಎಂದು ನಕ್ಕು ಪೆನ್ನು ತೆಗೆದರು, ಪೆನ್ನು ಕಾಗದದ ಮೇಲೆ ಬಂತು, ಅವಳು ಉಸಿರು ಹಿಡಿದಳು, ಅಲಗು ಗೀಟಿಗೆ ತಾಗುವ ಮುಂಚೆ ಹಿಡಿಯುತ್ತಾಳಲ್ಲ ಹಾಗೆ, ಪೆನ್ನು ನಿಂತಿತು. ನೋಡಿ ಅಮ್ಮಾ, ಎಂದರು ಡಾಕ್ಟರಮ್ಮ. ನೋಡಿ ಅಮ್ಮಾ ಎಂದರೆ ಸಾಕು, ಮುಂದಿನದು ಏನು ಎಂದು ಐವತ್ತೊಂದು ವರ್ಷದ ಹೆಂಗಸಿಗೆ ಯಾರೂ ಹೇಳಬೇಕಾಗಿಲ್ಲ. ನಾನು ಇದರ ಬಗ್ಗೆ ಯೋಚನೆ ಮಾಡ್ದೆ, ಔಷಧಿ ಕೆಟ್ಟದ್ದಲ್ಲ, ಆದ್ರೆ ಇದಕ್ಕೆ ಫಾಲೋ ಅಪ್ ಬೇಕು, ಮೊದ್ಲು ಮೂರು ತಿಂಗಳಿಗೆ, ಆಮೇಲೆ ವರ್ಷಾ ವರ್ಷಾ ಬರ್ಬೇಕು, ಫೋಟೋ ತೆಗೆಸ್ಬೇಕು, ನೀವುಗಳು ಎರಡು ಸಲ ಬರ್ತೀರಿ, ಆರಾಮಾದ ತಕ್ಷಣ ಬಿಟ್ಬಿಡ್ತೀರಿ, ಇಲ್ಲಾ ಅಂದ್ರೆ ಅದೇ ಹಳೇ ಚೀಟಿ ತೋರಿಸಿ ಐದು ವರ್ಷ ತಗೊಳ್ತೀರಿ, ಏನಾದ್ರೂ ಆದ್ರೆ ನನ್ನ ತಲೆ ಮೇಲೆ. ಬರ್ತೀನಿ ಮೇಡಂ, ನಾನು ಬಿಡೋಳಲ್ಲ, ಇಪ್ಪತ್ತಾರು ವರ್ಷ ಒಂದೇ ಕಡೆ ಕೆಲಸ ಮಾಡಿದೀನಿ, ಒಂದು ದಿನ ಲೇಟಾಗಿ ಹೋದೋಳಲ್ಲ. ಎಲ್ರೂ ಹಾಗೇ ಹೇಳ್ತಾರೆ. ಮೇಡಂ, ನನ್ನ ಕೆಲಸ ಹೋಗತ್ತೆ. ಕೆಲಸ ಮಾಡೋ ಹೆಂಗಸರು ನೀವು, ನಿಮ್ಮ ಮೈಗೆ ತಡ್ಕೊಳ್ಳೋ ಶಕ್ತಿ ಇರತ್ತೆ, ಇನ್ನೊಂದು ಮೂರ್ನಾಲ್ಕು ವರ್ಷ ಅಷ್ಟೇ, ತಾನಾಗೇ ಇಳಿಯತ್ತೆ, ಬೆಳಗ್ಗೆ ವಾಕಿಂಗ್ ಮಾಡಿ, ಹತ್ತಿ ಬಟ್ಟೆ ಹಾಕ್ಕೊಳ್ಳಿ. ಹತ್ತಿ ಬಟ್ಟೆ. ಇಪ್ಪತ್ತಾರು ವರ್ಷ ಬಟ್ಟೆಯಲ್ಲಿ ಮುಳುಗಿದವಳಿಗೆ ಹತ್ತಿ ಬಟ್ಟೆ. ಮೂರ್ನಾಲ್ಕು ವರ್ಷ ಅಷ್ಟೇ, ಅಷ್ಟೇ ಅಂತೆ, ಎಷ್ಟು ಸಣ್ಣ ಮಾತು, ರಾತ್ರಿಗೆ ನಾಲ್ಕು ಸಲದ ಹಾಗೆ ಎಷ್ಟು ಸಲ ಆಯಿತು ಅದು, ಲೆಕ್ಕ ಹಾಕಲು ಹೋದರೆ ತಲೆಯ ಹತ್ತಿ ಅಡ್ಡ ಬರುತ್ತದೆ. ಹಾಗಾದ್ರೆ ಮಾಲೀಕರಿಗೆ ಕೊಡೋಕೆ ಚೀಟಿನಾದ್ರೂ, ಕೆಲಸ ಮಾಡಬಹುದು ಅಂತ, ಎಂದಳು, ಅವಳ ದನಿ ಅವಳಿಗೇ ಬೇರೆಯವರದರ ಹಾಗೆ ಕೇಳಿಸಿತು. ಆಯ್ತು ಅದಕ್ಕೇನಂತೆ, ಎಂದು ಡಾಕ್ಟರಮ್ಮ ತಮ್ಮ ಹೆಸರಿರುವ ಕಾಗದ ಹುಡುಕಿದರು, ಮೇಜಿನ ಮೇಲೆ ಮುಗಿದಿತ್ತು, ಬಲಗಡೆಯ ಡ್ರಾಯರು ಎಳೆದರು, ಒಂದು ಗೇಣು ತೆರೆಯಿತು, ಕತ್ತರಿಯಕ್ಕ ಕೂತದ್ದು ಮೇಜಿನ ಪಕ್ಕದ ಸ್ಟೂಲಿನ ಮೇಲೆ, ಕಾಗದದ ಕಟ್ಟಿನ ಮೇಲೆ ಒಂದು ಬಾಚಣಿಗೆ, ಒಂದು ಮಡಿಸಿದ ಕರವಸ್ತ್ರ, ಅದರ ಪಕ್ಕ ಒಂದು ಟ್ಯೂಬು, ನಡು ಹಿಚುಕಿ ಸೊಂಟ ಬಂದದ್ದು, ಮುಚ್ಚಳ ಸರಿಯಾಗಿ ಕೂರದೆ ಬಾಯಲ್ಲಿ ಒಂದು ಹನಿ ಒಣಗದೆ ನಿಂತದ್ದು, ಹೆಸರು ತಲೆಕೆಳಗು. ತಲೆಕೆಳಗಾದರೇನು. ಒಂದೊಂದೇ ಅಕ್ಷರ. ನೀಲಿ ಸೀಮೆಸುಣ್ಣದಲ್ಲಿ ಬರೆದುಕೊಂಡ ಅದೇ ಅಕ್ಷರ. ತಲೆ ಎತ್ತಿದರೆ ಡಾಕ್ಟರಮ್ಮ ಅವಳನ್ನೇ ನೋಡುತ್ತಿದ್ದಾರೆ, ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಅಲ್ಲ, ಏನೋ ಬೇಡಿಕೊಂಡ ಹಾಗೆ ಇತ್ತು, ಕುತ್ತಿಗೆಯ ಮೇಲೆ ಸಣ್ಣಗೆ ಬೆವರಿತ್ತು. ಕೈಯಲ್ಲಿ ಕಾಗದವಿತ್ತಲ್ಲ, ಡಾಕ್ಟರಮ್ಮ ಮೊಣಕಾಲಿನಿಂದ ಡ್ರಾಯರು ತಳ್ಳಿದರು. ಟಕ್.

ಈಗ ಬೀದಿ, ಬಿಸಿಲು, ಕಾಲು ತಾನಾಗಿ ನಡೆಯುತ್ತಿದೆ, ಎದುರಿಗೆ ಬರುವವರು ಸರಿದು ದಾರಿ ಬಿಡುತ್ತಾರೆ, ಕೇಳಬೇಕಿತ್ತು, ಮೇಡಂ ಅದು ಏನು ಅಂತ ಕೇಳಬೇಕಿತ್ತು, ಒಂದೇ ಒಂದು ಮಾತು, ಬಾಯಿ ತುದಿಗೆ ಬಂದಿತ್ತು, ಬಂದು ಏನಾಯಿತು, ಮೇಡಂ ಎಂದಳು, ಅಷ್ಟೇ ಹೊರಟಿತು, ಹೇಳಿ ಎಂದರು ಅವರು, ಏನಿಲ್ಲ ಮೇಡಂ ಎಂದಳು. ಏನಿಲ್ಲ ಮೇಡಂ! ಹದಿನಾಲ್ಕು ವರ್ಷ ಗಂಡಸರ ನಡುವೆ ಬಾಯಿ ಮಾಡಿ ಮೇಜು ಹಿಡಿದವಳು, ಹಳೇ ಮಾಸ್ಟರಿಗೇ ನಿಮ್ಮ ಅರ್ಧ ಬೆರಳು ನೋಡ್ಕೊಳ್ಳಿ ಅಂದವಳು, ಏನಿಲ್ಲ ಮೇಡಂ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ, ಎನ್ನುತ್ತಿದ್ದಳು ಗುಂಡಿಯಕ್ಕ ಕೇಳಿದ್ದರೆ, ಹಾಗೆ ಅಂದು ನಕ್ಕುಬಿಟ್ಟರೆ ಮುಗಿಯಿತೇ, ಡಾಕ್ಟರಮ್ಮನನ್ನು ಬೈಯಲು ಹೊರಟರೂ ಬೈಗುಳ ಮುಗಿಯುವ ಮೊದಲೇ ತೇವವಾಗುತ್ತದೆ, ತನ್ನ ಮೈಗೆ ಏನಾದರೂ ಆದರೆ ತಾನೇ ಹೊಣೆ, ಇನ್ನೊಬ್ಬಳ ಮೈಗಾದರೆ ನಾಳೆ ಹತ್ತು ಜನ ಬಾಗಿಲಿಗೆ ಬರುತ್ತಾರೆ, ಅಷ್ಟೇ ಇರಬೇಕು, ಹೆದರಿಕೆ, ಪ್ರತಿ ಡಾಕ್ಟರೂ ತಮ್ಮ ತಮ್ಮ ಹೆದರಿಕೆಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಕೂತಿದ್ದಾರೆ, ಅದಕ್ಕೆ ಬೆಲೆ ತೆರುವುದು ಸ್ಟೂಲಿನ ಮೇಲೆ ಕೂತವಳು. ಆದರೆ ಅವರು ರಾತ್ರಿ ಮಲಗುತ್ತಾರೆ. ಗೋಡೆ ನೋಡುವುದಿಲ್ಲ. ಬೆಳಗ್ಗೆ ಎದ್ದು ತೋಳು ಮಡಿಸಿ ಹಚ್ಚಿಕೊಂಡು, ತೋಳು ಇಳಿಸಿ, ಮೇಲೆ ಕೋಟು ತೊಟ್ಟು ಬಂದು, ನೋಡಿ ಅಮ್ಮಾ — ಮೊಣಕಾಲಿನಿಂದ. ಕೈಯಿಂದ ಮುಚ್ಚಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೋ ಏನೋ. ಔಷಧಿ ಅಂಗಡಿಯ ಮುಂದೆ ಕಾಲು ನಿಂತಿತು, ರಟ್ಟಿನ ಚೂರು ತೆಗೆದು ಕೊಟ್ಟಳು, ಅಂಗಡಿಯವನು ನೋಡಿ ಒಳಗೆ ಹೋಗಿ ಡಬ್ಬಿ ತಂದು ಗಾಜಿನ ಮೇಲಿಟ್ಟ, ಹೊಸದು, ಮೂಲೆ ಮೂಲೆ ನೆಟ್ಟಗಿದ್ದದ್ದು, ಅವಳ ಕೈಗೆ ನಾಲ್ಕು ಬೆರಳು ದೂರ, ಡಾಕ್ಟರ ಚೀಟಿ ಕೊಡಿಯಕ್ಕಾ, ಎಂದ. ಚೀಟಿ ಇಲ್ಲಪ್ಪ, ಪರೀಕ್ಷೆ ಎಲ್ಲ ಆಗಿದೆ, ಇಲ್ಲಿದೆ ನೋಡು, ಎಲ್ಲ ಸರಿ ಇದೆ ಅಂತ ಬರೆದಿದೆ. ಅಯ್ಯೋ ಅದಲ್ಲಕ್ಕಾ, ಬರೆದವರ ಸಹಿ ಇರೋ ಚೀಟಿ, ಇದನ್ನ ಹಾಗೆ ಕೊಟ್ರೆ ನನ್ನ ಅಂಗಡಿ ಬಾಗಿಲು ಹಾಕಿಸ್ತಾರೆ, ನಿದ್ದೆ ಮಾತ್ರೆ ಚೀಟಿ ಇದ್ಯಲ್ಲ ನಿಮ್ದು ಹಳೇದು, ಅದು ಬೇಕಿದ್ರೆ ಕೊಡ್ತೀನಿ. ಡಬ್ಬಿ ಒಳಗೆ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ, ಇಲ್ಲಿ ದೇವರೂ ಕೊಡಲಿಲ್ಲ, ಅಂಗಡಿಯವನ ಮೇಲೆ ಯಾಕೆ ಸಿಟ್ಟು. ತಂಗಿಗೆ ಫೋನು ಮಾಡಿದಳು, ಅಲ್ಲೇ ಅಂಗಡಿಯ ನೆರಳಲ್ಲಿ ನಿಂತು, ನಿನ್ನ ಡಾಕ್ಟರ ಹತ್ರಾನೇ ಬರ್ತೀನಿ ಕಣೇ, ರೈಲು ಹತ್ತಿ, ಎಂದಳು, ಆ ಕಡೆಯಿಂದ ತಂಗಿ, ಅವರು ರಿಟೈರಾದ್ರು ಅಕ್ಕಾ, ಹೊಸಬ ಬಂದಿದ್ದಾನೆ, ನಂಗೇ ನಿಲ್ಸಿ ಅಂತಿದ್ದಾನೆ, ಇಷ್ಟು ದಿನ ತಗೊಂಡಿದ್ದೇ ಜಾಸ್ತಿ ಅಂತೆ, ನಿಂಗೆ ಹೇಳಿದ್ರೆ ಬೇಜಾರು ಮಾಡ್ಕೊಳ್ತೀಯ ಅಂತ ಹೇಳಿರ್ಲಿಲ್ಲ, ಇನ್ನೂ ಒಂದು ಟ್ಯೂಬ್ ಇದೆ, ಅರ್ಧ ಕಳಿಸ್ಲಾ, ಎಂದಳು. ಅರ್ಧ ಟ್ಯೂಬಲ್ಲಿ ಇಬ್ರೂ ಅರ್ಧರ್ಧ ಮನುಷ್ಯರಾಗೋಣ ಅಂತಲಾ, ಇಟ್ಕೋ ನಿಂಗೇ, ಎಂದಳು, ತಂಗಿ ನಗಲಿಲ್ಲ.

ಕಾರ್ಖಾನೆಗೆ ಬಂದಾಗ ಮೂರೂವರೆ, ಹೋದ ಪುಟ್ಟ ಬಂದ ಪುಟ್ಟ, ಆದರೆ ಕೈ ಪೂರ್ತಿ ಖಾಲಿಯಿಲ್ಲವಲ್ಲ, ಡಾಕ್ಟರಮ್ಮ ಬರೆದ ಕಾಗದ ಇದೆ, ದಾರಿಯಲ್ಲಿ ಬಿಡಿಸಿ ಓದಿರಲಿಲ್ಲ, ಓದಲು ಧೈರ್ಯವಾಗಲಿಲ್ಲವೋ ಬೇಡವಾಯಿತೋ, ಮಾಲೀಕ ಕನ್ನಡಕ ಹಾಕಿಕೊಂಡು ಅವಳೆದುರಿಗೇ ಜೋರಾಗಿ ಓದಿದ, ಇವರಿಗೆ ಯಾವ ಕಾಯಿಲೆಯೂ ಇಲ್ಲ, ವಯೋಸಹಜ ಬದಲಾವಣೆ, ಔಷಧಿಯ ಅಗತ್ಯವಿಲ್ಲ, ಹಗುರವಾದ ಕೆಲಸ ಮತ್ತು ವಿಶ್ರಾಂತಿ ಅಗತ್ಯ. ಹಗುರವಾದ ಕೆಲಸ. ಒಳ್ಳೆಯದಾಗಲಿ ಅಂತಲೇ ಬರೆದಿರಬೇಕು, ಆ ಕಣ್ಣಿನಲ್ಲಿ ಬೇಡಿಕೊಂಡದ್ದಕ್ಕೆ ಪ್ರತಿಯಾಗಿ ಕೊಟ್ಟ ಉಪಕಾರ ಇದು, ಕರುಣೆಯಿಂದ ಕೊರಳು ಕೊಯ್ಯುವುದು ಎಂದರೆ ಹೀಗೇ ಇರಬೇಕು, ಮಾಲೀಕ ಕಾಗದ ಮಡಿಸಿ ಕನ್ನಡಕ ತೆಗೆದ, ಅಕ್ಕಾ, ಡಾಕ್ಟರೇ ಬರೆದ ಮೇಲೆ ನಾನೇನು ಮಾಡ್ಲಿ, ಇದನ್ನ ಇಟ್ಕೊಂಡು ನಿಮ್ಮ ಕೈಗೆ ಮಷಿನ್ ಕೊಟ್ರೆ ನಾಳೆ ನನ್ನನ್ನ ಕೇಳಲ್ವಾ, ಎಂದ, ಅವನಿಗೂ ಹೆದರಿಕೆ, ಅವನದೂ ನ್ಯಾಯ, ಎಲ್ಲರದೂ ನ್ಯಾಯವೇ, ಎಲ್ಲರ ನ್ಯಾಯವನ್ನು ಒಂದರ ಮೇಲೊಂದು ಅರವತ್ತು ಪದರ ಹಾಸಿ ಗುಂಡು ಹೇರಿ ಕತ್ತರಿಸಿದರೆ ಅವಳ ಅಳತೆಯದು ಒಂದೂ ಹೊರಡುವುದಿಲ್ಲ. ಸಂಬಳ ಅಷ್ಟೇ ಇರತ್ತೆ ಅಕ್ಕಾ, ದಾರ ಕತ್ತರಿಸೋ ಹತ್ರ ಕೂತ್ಕೊಳ್ಳಿ, ಆರಾಮಾಗಿ, ಎಂದ. ಆಯ್ತಪ್ಪ ಎಂದಳು. ಇಪ್ಪತ್ತಾರು ವರ್ಷದ ಹಿಂದೆ ಈ ಕಾರ್ಖಾನೆಗೆ ಕಾಲಿಟ್ಟ ದಿನ ಕೂತ ಬೆಂಚು, ಗುಂಡಿಯಕ್ಕ ಏನೂ ಕೇಳಲಿಲ್ಲ, ಒಂದು ಮಾತಿನ ಚುಚ್ಚೂ ಇಲ್ಲ, ಸುಮ್ಮನೆ ಜರುಗಿ ಜಾಗ ಬಿಟ್ಟಳು, ಗುಂಡಿಯಕ್ಕ ಸುಮ್ಮನಾದರೆ ಇನ್ನು ಮುಗಿಯಿತು ಅಂತ ಅರ್ಥ, ಒಂದು ಬಿಳೀ ಕೋಟು ಎತ್ತಿ ಅವಳ ತೊಡೆಯ ಮೇಲೆ ಹಾಕಿದಳು, ಕೈಗೆ ಸಣ್ಣ ಕತ್ತರಿ ಕೊಟ್ಟಳು, ಅಂಗೈ ಅಗಲದ್ದು, ಹೊಸಬರಿಗೆ ಕೊಡುವಂಥದ್ದು. ಬೆನ್ನ ಹಿಂದೆ ಕಟಿಂಗ್ ಮಷಿನ್ ಶುರುವಾಯಿತು, ತಿರುಗಿ ನೋಡಬಾರದು, ಕಿವಿಯಲ್ಲೇ ಗೊತ್ತಾಗುತ್ತದೆ, ಇಸ್ತ್ರಿಯವನು ತಿರುವಿನಲ್ಲಿ ಅವಸರ ಮಾಡುತ್ತಾನೆ, ನಿಧಾನ ಮಾರಾಯ, ನಿಧಾನ, ಇಡು ಮಗುಚು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇಟ್ಟನಲ್ಲ, ಸರಿಯಾಗಿಯೇ ಮಗುಚಿದ್ದಾನೆ, ಕಲಿಸಿದ್ದು ಹತ್ತಿದೆ. ದಾರದ ತುದಿ, ಕಟ್. ಇನ್ನೊಂದು ತುದಿ, ಕಟ್. ಇನ್ನೊಬ್ಬರು ಡಾಕ್ಟರಿದ್ದಾರೆ ಅನ್ನುತ್ತಾರೆ ಊರಿನ ಆ ತುದಿಯಲ್ಲಿ, ಅವರ ಮೇಜಿಗೂ ಡ್ರಾಯರು ಇರುತ್ತದೆ. ಗಂಡನಿಗೆ ಏನು ಹೇಳುವುದು, ಹೇಳಿದರೆ ಸಂಬಳ ಅಷ್ಟೇ ಇದೆಯಲ್ಲ ಎನ್ನುತ್ತಾನೆ, ಅದೂ ಸರಿ, ಬಂತು, ಮತ್ತೆ ಬರುತ್ತಿದೆ, ಹೊಟ್ಟೆಯ ಮೇಲಿಂದ ಎದೆಗೆ, ಕುತ್ತಿಗೆಗೆ, ಕೈಯ ಕತ್ತರಿ ಜಾರುತ್ತದೆ, ಒಂದು ಹನಿ ಬಿಳೀ ಕೋಟಿನ ಮೇಲೆ ಬಿತ್ತು, ಒರೆಸಬೇಕು, ಒರೆಸಿದರೆ ಇನ್ನೂ ಹರಡುತ್ತದೆ, ಕಲೆ ಆದರೆ ಅದಕ್ಕೂ ವಯಸ್ಸು ಎನ್ನುತ್ತಾರೆ, ಗುಂಡಿಯಕ್ಕ ಏನೋ ಹೇಳುತ್ತಿದ್ದಾಳೆ, ಬಾಯಿ ಆಡುವುದು ಕಾಣುತ್ತದೆ, ಮಾತು ನೀರಿನಡಿಯಿಂದ ಬರುತ್ತದೆ, ನಾಳೆ ಬೆಳಗ್ಗೆ ಎದ್ದು ಮತ್ತೆ, ನಾಳೆ, ನಾಳೆ ಏನು, ಏನೋ ಒಂದು ಮಾಡಬೇಕಿತ್ತು, ನೆನಪಾಗುತ್ತಿಲ್ಲ, ಒಂದು ಗೇಣು ತೆರೆದ ಡ್ರಾಯರು, ಬಾಚಣಿಗೆ, ಕರವಸ್ತ್ರ, ಸೊಂಟ ಹಿಚುಕಿದ ಟ್ಯೂಬು, ಅದರ ಬಾಯಲ್ಲಿ ಒಣಗದೆ ನಿಂತ ಒಂದೇ ಒಂದು ಹನಿ, ಆ ಹನಿಯನ್ನಾದರೂ — ಮೊಣಕಾಲು. ಒಂದು ಗೇಣು ತೆರೆದ ಡ್ರಾಯರು. ಮೊಣಕಾಲು.